ಅಂಕಫಲಕಕ್ಕೆ ಕಟ್ಟುಬೀಳದ ವಿಶ್ವಾಸ: ಯುವ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೂ ತರಬೇತುದಾರರಿಗೂ ಸಮಗ್ರ ಮಾರ್ಗದರ್ಶಿ

ಗೆದ್ದ ದಿನ ದೇವರು ಹತ್ತಿರ, ಸೋತ ದಿನ ದೂರ. ವಿಶ್ವಾಸವಿರುವ ಯುವ ಆಟಗಾರರಲ್ಲಿ ಪದೇ ಪದೇ ಕಾಣುವ ತೊಡಕು ಇದು. ಕೊನೆಯ ಕ್ಷಣದ ಫ್ರೀ ಥ್ರೋ (ಫೌಲ್ ಆದಾಗ ಯಾರೂ ತಡೆಯದಂತೆ ಸಿಗುವ ಎಸೆತ) ರಿಂಗಿಗೆ ಬಡಿದು ಹೊರಬಿದ್ದರೆ, ಮೊಣಕೈ ಎಲ್ಲಿ ವಾಲಿತು ಎಂದು ನೋಡುವುದನ್ನು ಬಿಟ್ಟು ‘ನನ್ನ ಪ್ರಾರ್ಥನೆಯಲ್ಲೇ ಏನೋ ಕೊರತೆಯಿತ್ತು’ ಎಂದು ರಾತ್ರಿಯಿಡೀ ಹೊರಳಾಡುವ ಮಕ್ಕಳಿದ್ದಾರೆ. ತರಬೇತುದಾರರ ಪಾಡೂ ಬೇರೆಯಲ್ಲ. ತಂಡ ಸಾಲು ಸಾಲಾಗಿ ಸೋತರೆ ದೇವರು ತಮ್ಮನ್ನು ಈ ಕೆಲಸಕ್ಕೆ ಕರೆದದ್ದೇ ಸುಳ್ಳೇನೋ ಎಂಬ ಅನುಮಾನ ಅವರಿಗೆ ಶುರುವಾಗುತ್ತದೆ.

ಈ ಗಂಟನ್ನು ಬಿಡಿಸದೆ ಮೇಲೆ ಎಷ್ಟು ವಾಕ್ಯ, ಎಷ್ಟು ಘೋಷಣೆ ಹೇರಿದರೂ ಪ್ರಯೋಜನವಿಲ್ಲ. ಆದ್ದರಿಂದ ಕೆಳಗಿನ ಹೆಜ್ಜೆಗಳೆಲ್ಲವೂ ಒಂದೇ ಕಡೆಗೆ ಸಾಗುತ್ತವೆ: ಆಟಗಾರನ ಬೆಲೆಯನ್ನು ಅಂಕಫಲಕದಿಂದ ಬಿಡಿಸಿ, ಬಿಡುಗಡೆಯಾದ ಮನಸ್ಸಿನಿಂದ ಕಷ್ಟಪಟ್ಟು ಆಡುವಂತೆ ಮಾಡುವುದು. ಮೊದಲ ಭಾಗ ಆಟಗಾರರಿಗೆ, ಎರಡನೆಯದು ತರಬೇತುದಾರರಿಗೆ. ತರಬೇತುದಾರರು ಮೊದಲ ಭಾಗವನ್ನು ಹಾರಿಸಿ ಓದಬಾರದು.

ಮೊದಲು, ಆಟ ಹುಟ್ಟಿದ ಬಗೆ

ಕ್ರೈಸ್ತ ವಿಶ್ವಾಸಕ್ಕೂ ಬ್ಯಾಸ್ಕೆಟ್‌ಬಾಲಿಗೂ ನಂಟು ಬೆಸೆಯಲು ಯಾರೂ ಹೆಣಗಬೇಕಿಲ್ಲ. ಆಟ ಹುಟ್ಟಿದ್ದೇ ಆ ಮನೆಯಲ್ಲಿ. ಕೆನಡಾದ ಜೇಮ್ಸ್ ನೈಸ್ಮಿತ್ ಮಾಂಟ್ರಿಯಲ್‌ನಲ್ಲಿ ದೇವತಾಶಾಸ್ತ್ರ ಓದಿದವರು. ಓದುವಾಗ ರಗ್ಬಿ ಆಡುತ್ತಿದ್ದರು. ಪಾದ್ರಿಯಾಗಬೇಕಾದವನಿಗೆ ಈ ಗುದ್ದಾಟ ಯಾಕೆ ಎಂದು ಜೊತೆಯವರು ಮೂಗು ಮುರಿಯುತ್ತಿದ್ದರು. ಒಂದು ಪಂದ್ಯದಲ್ಲಿ ಪಕ್ಕದ ಆಟಗಾರನೊಬ್ಬ ಸಿಟ್ಟಿನಲ್ಲಿ ಕೆಟ್ಟ ಮಾತನಾಡಿ, ನೈಸ್ಮಿತ್ ಅಲ್ಲೇ ಇರುವುದು ಅರಿವಾದೊಡನೆ ಕ್ಷಮೆ ಕೇಳಿದನಂತೆ. ನೈಸ್ಮಿತ್ ಅವನಿಗೆ ಒಂದು ಮಾತೂ ಬೋಧಿಸಿರಲಿಲ್ಲ. ಪ್ರಸಂಗಪೀಠದಿಂದ ಆಗುವ ಕೆಲಸ ಮೈದಾನದಿಂದಲೂ ಆದೀತು ಎಂಬ ಯೋಚನೆ ಅವರಿಗೆ ಹೊಳೆದದ್ದು ಹಾಗೆ.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯಲ್ಲಿ ಅವರ ಮೇಲಧಿಕಾರಿ ಲೂಥರ್ ಗ್ಯುಲಿಕ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು ಎರಡು ವಾರದೊಳಗೆ ರೂಪಿಸುವಂತೆ ಹೇಳಿದರು. ತರಗತಿಯಲ್ಲಿದ್ದದ್ದು 18 ಮಂದಿ ತಂಟೆಕೋರರು. ನೈಸ್ಮಿತ್ ಯೋಚಿಸಿದ ಕ್ರಮ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಒರಟುತನ ಎಲ್ಲಿಂದ ಬರುತ್ತದೆ? ಚೆಂಡು ಹಿಡಿದು ಓಡುವವನನ್ನು ತಡೆಯಬೇಕಾದರೆ ಅವನನ್ನು ಕೆಡವಲೇಬೇಕು. ಹಾಗಾದರೆ ಚೆಂಡು ಹಿಡಿದು ಓಡುವುದನ್ನೇ ತೆಗೆದುಬಿಡೋಣ. ಗುರಿ ಎದುರಿಗಿದ್ದರೆ ಬಲ ಹಾಕಿ ಎಸೆಯುತ್ತಾರೆ. ಅದನ್ನು ತಲೆಗಿಂತ ಮೇಲೆ, ಬಾಯಿ ಆಕಾಶದ ಕಡೆಗಿರುವಂತೆ ಇಟ್ಟರೆ ಮೆದುವಾಗಿ, ಕಮಾನು ಬರುವಂತೆ ಎಸೆಯಲೇಬೇಕಾಗುತ್ತದೆ. ಹತ್ತು ಅಡಿ ಎತ್ತರದ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಹೊಡೆದರು, 13 ನಿಯಮಗಳನ್ನು ಗೋಡೆಗೆ ಅಂಟಿಸಿದರು. ಭುಜದಿಂದ ತಳ್ಳುವುದು, ಹಿಡಿಯುವುದು, ಕಾಲು ಕೊಟ್ಟು ಬೀಳಿಸುವುದು ಅಂದೇ ನಿಷಿದ್ಧವಾಗಿತ್ತು. ಎದುರಾಳಿಯ ಮೈಗೆ ಗೌರವ ಕೊಡಬೇಕೆಂಬ ಯೋಚನೆ ಈ ಆಟದ ಎಲುಬಿನಲ್ಲೇ ಇದೆ.

ಹೆಜ್ಜೆ 1: ಏನನ್ನು ಬೇಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ

ಎರಡೂ ತಂಡಗಳಲ್ಲಿ ಪ್ರಾರ್ಥಿಸುವವರಿದ್ದಾರೆ. ಗೆಲ್ಲುವುದು ಒಂದೇ ತಂಡ. ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುವ ತಂದೆಯ ಬಗ್ಗೆ ಯೇಸು ಹೇಳಿದ್ದು ಮತ್ತಾಯ 5:45ರಲ್ಲಿದೆ. ನಿಮಗೆ ಗೆಲುವು ಕೊಡದ ದೇವರು ಎದುರಿನ ತಂಡದ ಪಕ್ಷಪಾತಿಯಾಗಿಬಿಟ್ಟ ಎಂದುಕೊಳ್ಳಬೇಡಿ.

ಹಾಗಂತ ಗೆಲ್ಲುವ ಆಸೆಯನ್ನು ಬಚ್ಚಿಟ್ಟು ಭಕ್ತಿಯ ಭಾಷೆ ಆಡಬೇಕೆಂದೂ ಇಲ್ಲ. ಕೀರ್ತನೆಗಳನ್ನು ಬರೆದವರು ದೇವರ ಮುಂದೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಸುರಿದವರು. ‘ಗೆಲ್ಲಬೇಕೆಂದು ತುಂಬಾ ಆಸೆಯಾಗಿದೆ’ ಎಂದು ನೇರವಾಗಿ ಹೇಳಿ. ವ್ಯಾಪಾರ ಮಾತ್ರ ಬೇಡ. ‘ಗೆಲ್ಲಿಸಿದರೆ ಪ್ರತಿವಾರ ಆರಾಧನೆಗೆ ಬರುತ್ತೇನೆ’ ಎಂಬ ಮಾತಿನಲ್ಲಿ ದೇವರು ಗುತ್ತಿಗೆದಾರನಾಗಿಬಿಡುತ್ತಾನೆ.

ಪಂದ್ಯಕ್ಕೆ ಮುಂಚೆ ಹೇಳಬಹುದಾದ ಒಂದು ಪ್ರಾರ್ಥನೆ ಇಲ್ಲಿದೆ. ಇದನ್ನೇ ಬಾಯಿಪಾಠ ಮಾಡಬೇಕಿಲ್ಲ. ಅದರ ಅನುಕ್ರಮವನ್ನು ಗಮನಿಸಿ.

“ಕರ್ತನೇ, ಈ ದೇಹವೂ ಈ ಗೆಳೆಯರೂ ನಿನ್ನ ಕೊಡುಗೆ, ಸ್ತೋತ್ರ. ಎರಡೂ ತಂಡದವರನ್ನು ಗಾಯವಾಗದಂತೆ ಕಾಪಾಡು. ಕಲಿತದ್ದನ್ನೆಲ್ಲ ಹಿಂದೆಗೆಯದೆ ಆಡಲು ಧೈರ್ಯ ಕೊಡು. ತಪ್ಪು ಮಾಡಿದಾಗ ಬೇಗ ಎದ್ದು ಡಿಫೆನ್ಸಿಗೆ ಓಡುವ ಮನಸ್ಸು ಕೊಡು. ಗೆಲ್ಲಲು ಆಸೆಯಿದೆ, ನಿನಗೆ ಗೊತ್ತು. ಫಲ ಏನೇ ಆದರೂ ನಾನು ನಿನ್ನ ಮಗುವೆಂಬುದು ಮರೆಯದಿರಲಿ. ಆಮೆನ್.”

ಮೊದಲು ಕೃತಜ್ಞತೆ, ಅನಂತರ ಇತರರು, ಆಮೇಲೆ ತಾನು, ಕೊನೆಯಲ್ಲಿ ಫಲವನ್ನು ಒಪ್ಪಿಸಿಕೊಡುವುದು. ಇದನ್ನು ಬಟ್ಟೆ ಬದಲಿಸುವ ಕೋಣೆಯಲ್ಲೋ ಬಸ್ಸಿನಲ್ಲೋ ಮಾಡಿ. ಅಂಕಣದ ನಡುವೆ ಮಂಡಿಯೂರುವುದು ತಪ್ಪೆಂದು ಹೇಳಲಾರೆ. ಆದರೆ ಮತ್ತಾಯ 6ನೇ ಅಧ್ಯಾಯದ ಆರಂಭವನ್ನು ಓದಿ, ಯಾರೂ ನೋಡದಿದ್ದರೂ ಅಲ್ಲಿ ಮಂಡಿಯೂರುತ್ತಿದ್ದೆನೇ ಎಂದು ಒಮ್ಮೆ ಕೇಳಿಕೊಳ್ಳಿ.

ಹೆಜ್ಜೆ 2: ಶೂ ಮೇಲೆ ಬರೆಯುವ ವಾಕ್ಯವನ್ನು ಪೂರ್ತಿ ಓದಿ

ಬ್ಯಾಸ್ಕೆಟ್‌ಬಾಲ್ ಲೋಕದಲ್ಲಿ ಫಿಲಿಪ್ಪಿಯವರಿಗೆ 4:13ರಷ್ಟು ಓಡಾಡಿದ ವಾಕ್ಯ ಬೇರೊಂದಿಲ್ಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಆಟಗಾರ ಸ್ಟೀಫನ್ ಕರಿ ಅದನ್ನು ತಮ್ಮ ಶೂಗಳ ಮೇಲೆ ಬರೆದುಕೊಂಡರು. ಅವರ ಹೆಸರಿನಲ್ಲಿ ಬಂದ ಶೂಗಳ ಮೇಲೂ ಆ ಸಂಖ್ಯೆ ಅಚ್ಚಾಯಿತು. ನನ್ನನ್ನು ಬಲಪಡಿಸುವಾತನಲ್ಲಿ ನಾನು ಎಲ್ಲಕ್ಕೂ ಶಕ್ತನು ಎಂಬುದು ಅದರ ತಾತ್ಪರ್ಯ. ಕೇಳಿದರೆ ಸಾಕು, ಮೂರು ಅಂಕದ ಗೆರೆಯಾಚೆಯಿಂದಲೂ ಎಸೆಯುವ ಹುರುಪು ಬರುತ್ತದೆ.

ಈಗ ಹತ್ತನೆಯ ವಾಕ್ಯದಿಂದ ಓದಿ. ಈ ಪತ್ರ ಬರೆಯುತ್ತಿರುವ ಅಪೊಸ್ತಲ ಪೌಲನು ಸೆರೆಯಲ್ಲಿದ್ದಾನೆ. ಫಿಲಿಪ್ಪಿಯ ಸಭೆಯವರು ಕಳುಹಿಸಿದ ನೆರವಿಗೆ ಕೃತಜ್ಞತೆ ಹೇಳುತ್ತಿದ್ದಾನೆ. ಹೊಟ್ಟೆತುಂಬ ಇದ್ದಾಗಲೂ ಹಸಿದಿದ್ದಾಗಲೂ, ಸಮೃದ್ಧಿಯಲ್ಲೂ ಕೊರತೆಯಲ್ಲೂ ತೃಪ್ತನಾಗಿರುವುದನ್ನು *ಕಲಿತುಕೊಂಡೆ* ಎನ್ನುತ್ತಾನೆ. ‘ಎಲ್ಲಕ್ಕೂ ಶಕ್ತನು’ ಎಂಬುದು ಆ ಮಾತಿನ ಬೆನ್ನಿಗೇ ಬರುತ್ತದೆ. ಅಂದರೆ ಈ ವಾಕ್ಯ 30 ಅಂಕ ಗಳಿಸಿದ ರಾತ್ರಿಗೆ ಎಷ್ಟು ಸಲ್ಲುತ್ತದೋ ಇಡೀ ಪಂದ್ಯ ಬೆಂಚಿನಲ್ಲಿ ಕೂತ ರಾತ್ರಿಗೂ ಅಷ್ಟೇ ಸಲ್ಲುತ್ತದೆ. ನನ್ನನ್ನು ಕೇಳಿದರೆ ಎರಡನೆಯದಕ್ಕೇ ಹೆಚ್ಚು.

ಮಾಡಬೇಕಾದದ್ದು: ಶೂ ಮೇಲೆ ಯಾವ ವಾಕ್ಯ ಬರೆಯುವ ಮುಂಚೆಯೂ ಅದರ ಹಿಂದಿನ ಐದು, ಮುಂದಿನ ಐದು ವಾಕ್ಯಗಳನ್ನು ಓದಿ. ಅದನ್ನು ಬರೆದವನು ಯಾವ ಪರಿಸ್ಥಿತಿಯಲ್ಲಿದ್ದ ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಆ ಸಾಲು ನಿಮಗೆ ಸೋತ ದಿನ ಬೇಕಾಗುತ್ತದೆ.

ಹೆಜ್ಜೆ 3: ವಾರದ ಅಭ್ಯಾಸದಲ್ಲಿ ವಿಶ್ವಾಸಕ್ಕೆ ಒಂದು ಜಾಗ

ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದ ಕೊನೆಯಲ್ಲಿ ಪೌಲನು ಓಟಗಾರರ, ಗುದ್ದಾಡುವವರ ಮಾತೆತ್ತುವುದು ಸುಮ್ಮನೆ ಅಲ್ಲ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು. ಅವನು ಆ ಊರಿನಲ್ಲಿ ಒಂದೂವರೆ ವರ್ಷ ಇದ್ದವನು. ಅಲ್ಲಿ ಗೆದ್ದವನಿಗೆ ಸಿಗುತ್ತಿದ್ದದ್ದು ಎಲೆಯ ಕಿರೀಟ. ಬಾಡಿಹೋಗುವ ಕಿರೀಟಕ್ಕಾಗಿ ಅವರು ಇಷ್ಟೊಂದು ಸಂಯಮದಿಂದಿದ್ದರೆ, ಬಾಡದ ಕಿರೀಟದ ನಿರೀಕ್ಷೆಯಲ್ಲಿರುವವರು ಹೇಗಿರಬೇಕು ಎಂಬುದು ಅವನ ಪ್ರಶ್ನೆ. ವಿಶ್ವಾಸವಿದೆ ಎಂಬ ಕಾರಣಕ್ಕೆ ಅಭ್ಯಾಸದಲ್ಲಿ ರಿಯಾಯಿತಿ ಕೇಳುವವರಿಗೆ ಪೌಲನಿಂದ ಬೆಂಬಲ ಸಿಗುವುದಿಲ್ಲ.

ವಾರಕ್ಕೊಂದು ಸಣ್ಣ ಕ್ರಮ ಇಟ್ಟುಕೊಳ್ಳಿ. ಬೆಳಿಗ್ಗೆ ಹತ್ತು ನಿಮಿಷ ಸತ್ಯವೇದ. ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ, ಸ್ವಲ್ಪ ಸ್ವಲ್ಪವಾಗಿ. ಮಾರ್ಕನ ಸುವಾರ್ತೆಯಿಂದ ಶುರುಮಾಡಿದರೆ 16 ಅಧ್ಯಾಯಗಳು ಒಂದು ಋತುವಿನಲ್ಲಿ ಸಲೀಸಾಗಿ ಮುಗಿಯುತ್ತವೆ. ಅಭ್ಯಾಸಕ್ಕೆ ಹೊರಡುವ ಮುಂಚೆ ಒಂದು ಪುಸ್ತಕದಲ್ಲಿ ಒಂದೇ ಗುರಿ ಬರೆಯಿರಿ. ಅದು ನಿಮ್ಮ ಕೈಯಲ್ಲಿರುವಂಥದ್ದಾಗಿರಲಿ. ‘ಹದಿನೈದು ಅಂಕ ಗಳಿಸುತ್ತೇನೆ’ ಎಂಬುದು ನಿಮ್ಮ ಕೈಯಲ್ಲಿಲ್ಲ. ‘ಪ್ರತಿ ಶಾಟ್ ಹಾರಿದಾಗಲೂ ನನ್ನ ಎದುರಾಳಿಯನ್ನು ಹುಡುಕಿ ಬಾಕ್ಸ್ ಔಟ್ ಮಾಡುತ್ತೇನೆ’ ಎಂಬುದು ಇದೆ.

ಬಾಕ್ಸ್ ಔಟನ್ನೇ ಉದಾಹರಣೆಗೆ ತೆಗೆದುಕೊಂಡದ್ದಕ್ಕೆ ಕಾರಣವಿದೆ. ಬೆನ್ನು ಕೊಟ್ಟು, ಮಂಡಿ ಬಾಗಿಸಿ, ಎದುರಾಳಿಯನ್ನು ಬುಟ್ಟಿಯಿಂದ ದೂರ ಇಟ್ಟವನ ಹೆಸರು ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ. ರಿಬೌಂಡ್ (ರಿಂಗಿಗೆ ಬಡಿದು ಮರಳಿದ ಚೆಂಡನ್ನು ಹಿಡಿದದ್ದು) ಪಕ್ಕದವನ ಲೆಕ್ಕಕ್ಕೆ ಹೋಗುತ್ತದೆ. ಮಾಡುವುದನ್ನೆಲ್ಲ ಮನುಷ್ಯರಿಗಾಗಿ ಅಲ್ಲ, ಕರ್ತನಿಗಾಗಿ ಎಂದು ಮನಃಪೂರ್ವಕವಾಗಿ ಮಾಡಿರಿ ಎಂಬ ಕೊಲೊಸ್ಸೆಯವರಿಗೆ 3:23ರ ಮಾತು ಅಂಕಣದಲ್ಲಿ ಪರೀಕ್ಷೆಗೆ ಒಳಗಾಗುವುದು ಇಂಥ ಕಡೆಯೇ. ದುರ್ಬಲ ಕೈಯ ಲೇಅಪ್ (ಬುಟ್ಟಿಯ ಹತ್ತಿರ ಬಂದು ಹಾಕುವ ಎಸೆತ), ಡಿಫೆನ್ಸಿನ ಪಕ್ಕದ ನಡಿಗೆ, ಬೆಂಚಿನಲ್ಲಿದ್ದಾಗ ಎದ್ದುಬರುವವನಿಗೆ ನೀರಿನ ಬಾಟಲಿ ಕೊಡುವುದು, ಎಲ್ಲವೂ ಇದೇ ಪಟ್ಟಿಗೆ ಸೇರುತ್ತವೆ.

ವಾರದಲ್ಲಿ ಒಂದು ದಿನ ಚೆಂಡನ್ನು ಮುಟ್ಟಬೇಡಿ. ಸಬ್ಬತ್ ವಿಶ್ರಾಂತಿಯ ಆಜ್ಞೆ ಬೆಳೆಯುವ ಮಂಡಿಗಳಿಗೂ ಒಳ್ಳೆಯದು. ಪಂದ್ಯಾವಳಿಗಳು ಭಾನುವಾರವೇ ಬಂದರೆ ಏನು ಮಾಡುವುದು? ಋತುವಿನ ವೇಳಾಪಟ್ಟಿ ಬಂದ ದಿನವೇ ಮನೆಯವರೂ ನೀವೂ ಕೂತು, ಯಾವ ಭಾನುವಾರ ಆರಾಧನೆಗೆ ಬೇರೆ ಹೊತ್ತು ಹುಡುಕಬೇಕು, ಯಾವ ಪಂದ್ಯ ಬಿಡಬೇಕು ಎಂದು ತೀರ್ಮಾನಿಸಿ, ಕೋಚ್‌ಗೆ ಮುಂಚಿತವಾಗಿ ತಿಳಿಸಿ. ಪಂದ್ಯದ ಹಿಂದಿನ ರಾತ್ರಿ ಹೇಳುವುದು ತಂಡಕ್ಕೆ ಮಾಡುವ ಅನ್ಯಾಯ.

ಹೆಜ್ಜೆ 4: ಫ್ರೀ ಥ್ರೋ ಗೆರೆಯ ಐದು ಸೆಕೆಂಡ್

ಬ್ಯಾಸ್ಕೆಟ್‌ಬಾಲಿನಲ್ಲಿ ಎಲ್ಲರೂ ನಿಂತು ಒಬ್ಬನನ್ನೇ ನೋಡುವ ಗಳಿಗೆ ಇದೊಂದೇ. ಅಂತರರಾಷ್ಟ್ರೀಯ ನಿಯಮದಲ್ಲಿ ರೆಫರಿ ಚೆಂಡು ಕೊಟ್ಟ ಮೇಲೆ ಎಸೆಯಲು ಐದು ಸೆಕೆಂಡ್ ಇದೆ. ಯಾರೂ ಅಡ್ಡ ಬರುವುದಿಲ್ಲ, ದೂರ ಬದಲಾಗುವುದಿಲ್ಲ, ಉಳಿಯುವುದು ಮನಸ್ಸಿನ ಜೊತೆಗಿನ ಸೆಣಸಾಟ ಮಾತ್ರ.

ಚೆಂಡು ಕೈಗೆ ಬರುವ ಮೊದಲೇ ಗೆರೆಯಿಂದ ಅರ್ಧ ಹೆಜ್ಜೆ ಹಿಂದೆ ನಿಂತು ಮೂಗಿನಿಂದ ನಿಧಾನವಾಗಿ ಉಸಿರೆಳೆಯಿರಿ. ಬಿಡುವಾಗ ಎಳೆದದ್ದಕ್ಕಿಂತ ಉದ್ದವಾಗಿ ಬಿಡಿ. ಭುಜ ತಾನಾಗಿ ಇಳಿಯುತ್ತದೆ. ಈ ಉಸಿರಿನ ಜೊತೆ ಒಂದು ಸಣ್ಣ ಪ್ರಾರ್ಥನೆ ಸೇರಿಸಬಹುದು. ಎಳೆಯುವಾಗ ‘ಕರ್ತನೇ’, ಬಿಡುವಾಗ ‘ನಾನು ನಿನ್ನವನು’ ಅಥವಾ ‘ನಿನ್ನವಳು’. ‘ಒಳಗೆ ಹೋಗಲಿ’ ಎಂದು ಬೇಡಬೇಡಿ. ಆ ಬೇಡಿಕೆ ಮನಸ್ಸನ್ನು ಫಲದ ಕಡೆಗೆ ಎಳೆಯುತ್ತದೆ, ಮಣಿಕಟ್ಟು ಬಿಗಿಯಾಗುತ್ತದೆ. ಪ್ರಾರ್ಥನೆ ಇಲ್ಲಿಗೆ ಮುಗಿಯಿತು.

ಈಗ ಗೆರೆಗೆ ಬನ್ನಿ. ಚೆಂಡು ಸಿಕ್ಕಿದ ಮೇಲೆ ಎರಡು ಅಥವಾ ಮೂರು ಬಾರಿ ಪುಟಿಸಿ, ಪ್ರತಿಸಲವೂ ಅಷ್ಟೇ. ಬೆರಳುಗಳು ಚೆಂಡಿನ ಗೀರುಗಳ ಮೇಲೆ ಕೂರಲಿ. ಕಣ್ಣು ರಿಂಗಿನ ಒಂದೇ ಬಿಂದುವಿನಲ್ಲಿ ನೆಡಲಿ. ಮಂಡಿ ಬಾಗಿಸಿ, ಮೇಲೇಳುತ್ತಾ ಎಸೆಯಿರಿ, ಚೆಂಡು ರಿಂಗ್ ಮುಟ್ಟುವವರೆಗೂ ಕೈಯನ್ನು ಮೇಲೇ ಇಡಿ. ಈ ಹೊತ್ತಿನಲ್ಲಿ ದೇವರನ್ನು ಕುರಿತು ಯೋಚಿಸಬೇಕೆಂಬ ಒತ್ತಡ ಬೇಡ. ಮೊಣಕೈಯನ್ನು ಕುರಿತು ಯೋಚಿಸಿದರೂ ಭಕ್ತಿಗೆ ಕುಂದಿಲ್ಲ.

ಅಭ್ಯಾಸದಲ್ಲಿ ಇದನ್ನು ಸುಸ್ತಾದ ಮೇಲೆ ಮಾಡಿ. ಅಂಕಣದ ಉದ್ದಕ್ಕೂ ಎರಡು ಸುತ್ತು ಓಡಿ, ಏದುಸಿರಿನಲ್ಲೇ ಬಂದು ಎರಡು ಎಸೆಯಿರಿ, ಮತ್ತೆ ಓಡಿ. ಪಂದ್ಯದಲ್ಲಿ ಯಾರೂ ಆರಾಮವಾಗಿ ಐವತ್ತು ಫ್ರೀ ಥ್ರೋ ಎಸೆಯುವುದಿಲ್ಲ. ಮೊದಲನೆಯದು ತಪ್ಪಿದಾಗ ಏನು ಮಾಡುತ್ತೀರಿ ಎಂಬುದನ್ನೂ ಅಭ್ಯಾಸ ಮಾಡಿ: ಒಂದು ಹೆಜ್ಜೆ ಹಿಂದೆ, ಅದೇ ಉಸಿರು, ಅದೇ ಮಾತು. ಎಸೆತ ತಪ್ಪಿದರೂ ‘ನಾನು ನಿನ್ನವನು’ ಎಂಬ ಮಾತು ಸುಳ್ಳಾಗಿಲ್ಲ.

ಹೆಜ್ಜೆ 5: ಸೀಟಿ ಊದದಿದ್ದಾಗ

ಚೆಂಡು ನಿಮ್ಮ ಬೆರಳಿಗೆ ತಾಗಿ ಹೊರಗೆ ಹೋಯಿತು. ರೆಫರಿ ನಿಮ್ಮ ತಂಡಕ್ಕೇ ಕೊಟ್ಟರು. ಏನು ಮಾಡಬೇಕು? ರೆಫರಿ ಕೇಳಿದರೆ ನಿಜ ಹೇಳಿ, ಇದರಲ್ಲಿ ಎರಡು ಮಾತಿಲ್ಲ. ಕೇಳದಿದ್ದರೆ ತಾವಾಗಿ ಹೇಳಬೇಕೇ ಎಂಬುದರಲ್ಲಿ ಒಳ್ಳೆಯ ಕ್ರೈಸ್ತರಲ್ಲೇ ಭಿನ್ನಾಭಿಪ್ರಾಯವಿದೆ. ತೀರ್ಪು ಹೇಳುವುದು ರೆಫರಿಯ ಕೆಲಸ ಎನ್ನುವವರೂ ಇದ್ದಾರೆ. ಹೇಳಿಬಿಡುವುದೇ ಮೇಲು ಎಂಬುದು ನನ್ನ ಪಕ್ಷ. ಸುಳ್ಳು ನಟನೆಯ ವಿಷಯದಲ್ಲಿ ಮಾತ್ರ ಚರ್ಚೆಗೆ ಜಾಗವಿಲ್ಲ: ತಾಗದ ಕೈಗೆ ಬಿದ್ದು ಫೌಲ್ ಗಿಟ್ಟಿಸಿಕೊಳ್ಳುವುದು ದೇಹದಿಂದ ಹೇಳುವ ಸುಳ್ಳು.

ಎದುರಾಳಿ ಕೆಣಕಿದಾಗ ಉತ್ತರಕ್ಕೆ ಒಂದು ಸಿದ್ಧ ಕೆಲಸ ಇಟ್ಟುಕೊಳ್ಳಿ. ಮಾತಿಗೆ ಮಾತು ಹುಡುಕಲು ಹೋದರೆ ಸೋಲುತ್ತೀರಿ, ಇಲ್ಲವೇ ಟೆಕ್ನಿಕಲ್ ಫೌಲ್ (ಕೆಟ್ಟ ನಡತೆಗೆ ಕೊಡುವ ಫೌಲ್) ಬೀಳುತ್ತದೆ. ಬದಲಾಗಿ ಜೊತೆಯವನ ಹೆಸರು ಕೂಗಿ ಡಿಫೆನ್ಸ್ ಹೊಂದಿಸಿ: “ಎಡಕ್ಕೆ ಬಾ, ನಾನು ಹಿಂದಿದ್ದೇನೆ!” ಬಾಯಿಗೆ ಕೆಲಸ ಸಿಕ್ಕಿತು, ತಂಡಕ್ಕೆ ಉಪಯೋಗವೂ ಆಯಿತು. ಬಿದ್ದ ಎದುರಾಳಿಗೆ ಕೈ ಕೊಡುವುದು, ರೆಫರಿಗೆ ಚೆಂಡನ್ನು ಎಸೆಯದೆ ಕೈಗೆ ಕೊಡುವುದು ಸಣ್ಣ ವಿಷಯಗಳು. ಸಾಕ್ಷಿ ಹೇಳುವುದು ಇವೇ.

ಹೆಜ್ಜೆ 6: ಬೆಂಚು, ಗಾಯ, ಆಯ್ಕೆಯಾಗದ ಪಟ್ಟಿ

ಆಯ್ಕೆಯ ದಿನ ಎತ್ತರವನ್ನೇ ಮೊದಲು ನೋಡುತ್ತಾರೆ. ಹೊಸ ಅರಸನನ್ನು ಹುಡುಕಿ ಹೋದ ಸಮುವೇಲನೂ ಅದನ್ನೇ ಮಾಡಿದ. ಎಲೀಯಾಬನನ್ನು ಕಂಡೊಡನೆ ಇವನೇ ಎಂದುಕೊಂಡ. ಅವನ ನೀಳವನ್ನು ನೋಡಬೇಡ ಎಂದು ದೇವರು ತಡೆದ. ಇದು 1 ಸಮುವೇಲ 16:7. ಈ ವಾಕ್ಯ ಕುಳ್ಳಗಿರುವವರಿಗೆ ತಂಡದಲ್ಲಿ ಜಾಗ ಕೊಡಿಸುತ್ತದೆಂದು ಹೇಳಿದರೆ ಮೋಸ ಮಾಡಿದಂತೆ. ಅದು ಹೇಳುವುದು ಇಷ್ಟೇ: ಆಯ್ಕೆಗಾರರ ಅಳತೆಗೋಲೇ ಕೊನೆಯದಲ್ಲ.

ಅಮೆರಿಕದ ಆಟಗಾರ ಜೆರೆಮಿ ಲಿನ್ ಅವರ ಕತೆಯನ್ನು ಯುವಕರಿಗೆ ಅರ್ಧ ಮಾತ್ರ ಹೇಳುವ ರೂಢಿಯಿದೆ. 2010ರ ಎನ್‌ಬಿಎ ಡ್ರಾಫ್ಟಿನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಯಾರೂ ಆರಿಸಲಿಲ್ಲ, 2011ರ ಡಿಸೆಂಬರಿನಲ್ಲಿ ಎರಡು ತಂಡಗಳು ಕೈಬಿಟ್ಟವು, 2012ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ನಿಕ್ಸ್ ಪರ ಆಡಿ ಲೇಕರ್ಸ್ ವಿರುದ್ಧ 38 ಅಂಕ ಗಳಿಸಿ ಜಗತ್ತಿನ ಬಾಯಲ್ಲಿ ಕುಳಿತರು. ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಉಳಿದರ್ಧ: 2019ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ಜೊತೆ ಎನ್‌ಬಿಎ ಚಾಂಪಿಯನ್ ಆದರೂ ನಿರ್ಣಾಯಕ ಪಂದ್ಯಗಳಲ್ಲಿ ಅವರಿಗೆ ಆಡಲು ಸಿಕ್ಕಿದ್ದು ಬಲು ಕಡಿಮೆ. ಅದೇ ಬೇಸಿಗೆಯಲ್ಲಿ ಯಾವ ತಂಡವೂ ಕರೆಯದಿದ್ದಾಗ ತೈವಾನಿನ ವೇದಿಕೆಯೊಂದರಲ್ಲಿ ತಮ್ಮ ಕುಸಿತದ ಬಗ್ಗೆ ಕಣ್ಣೀರಿಡುತ್ತಾ ಮಾತನಾಡಿದರು. ವಿಶ್ವಾಸಿ ಅಳಬಾರದು ಎಂದುಕೊಂಡಿರುವ ಹುಡುಗರಿಗೆ ಈ ಎರಡನೆಯ ಅರ್ಧವೇ ಹೆಚ್ಚು ಉಪಕಾರಿ.

ತಂಡದಿಂದ ಕೈಬಿಟ್ಟ ದಿನ ಕೀರ್ತನೆ 13 ಓದಿ. ಆರೇ ವಾಕ್ಯ. ‘ಎಷ್ಟರವರೆಗೆ?’ ಎಂಬ ದೂರಿನಿಂದ ಶುರುವಾಗುತ್ತದೆ. ಎರಡು ದಿನ ಬಿಟ್ಟು ಕೋಚ್ ಬಳಿ ಹೋಗಿ ಒಂದೇ ಪ್ರಶ್ನೆ ಕೇಳಿ: “ಸರ್, ಮುಂದಿನ ಆಯ್ಕೆಯೊಳಗೆ ನಾನು ಯಾವ ಎರಡು ವಿಷಯ ಸರಿಪಡಿಸಿಕೊಳ್ಳಬೇಕು?”

ಗಾಯದ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಮಂಕು ಕಂಡರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು. ವೈದ್ಯರು ಅನುಮತಿ ಕೊಡುವವರೆಗೆ ಮತ್ತೆ ಅಂಕಣಕ್ಕಿಳಿಯಬಾರದು. ‘ವಿಶ್ವಾಸವಿದ್ದರೆ ಆಡು’ ಎಂದು ಯಾರಾದರೂ ಹೇಳಿದರೆ ಅದು ವಿಶ್ವಾಸದ ಮಾತಲ್ಲ. ಮನಸ್ಸು ಬಳಲಿದಾಗಲೂ ಅಷ್ಟೇ. 1 ಅರಸುಗಳು 19ರಲ್ಲಿ ಎಲೀಯನು ಸಾಯಬೇಕೆಂದು ಬೇಡಿ ಗಿಡದ ಕೆಳಗೆ ಮಲಗುತ್ತಾನೆ. ದೂತನು ಬೋಧನೆ ಮಾಡುವುದಿಲ್ಲ. ರೊಟ್ಟಿ, ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟು, ಮತ್ತೆ ಉಣ್ಣಿಸುತ್ತಾನೆ. ನಿದ್ದೆ ಬಾರದಿರುವುದು, ಯಾವುದೂ ಬೇಡವೆನಿಸುವುದು ವಾರಗಟ್ಟಲೆ ಮುಂದುವರಿದರೆ ಮನೆಯವರಿಗೂ ವೈದ್ಯರಿಗೂ ಹೇಳಿ.

ತರಬೇತುದಾರರಿಗೆ, ಹೆಜ್ಜೆ 7: ನಿಮ್ಮ ಮಾತಿನ ಲೆಕ್ಕ ಇಡಿ

ಆಟ ಕಂಡುಹಿಡಿದ ನೈಸ್ಮಿತ್ ಕಾನ್ಸಸ್ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿ 55 ಗೆದ್ದು 60 ಸೋತರು. ತಂಡ ಸೋತ ರಾತ್ರಿ ಇದನ್ನು ನೆನೆದು ಒಂದಿಷ್ಟು ನಗಬಹುದು.

ಇನ್ನೊಂದು ತುದಿಯಲ್ಲಿ ಜಾನ್ ವುಡನ್ ಇದ್ದಾರೆ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ 1964ರಿಂದ 1975ರೊಳಗೆ ಹತ್ತು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರು, ಸತ್ಯವೇದವನ್ನು ನಿತ್ಯ ಓದುತ್ತಿದ್ದ ವಿಶ್ವಾಸಿ. ಅವರ ಮೊದಲ ಪಾಠ ಕಾಲುಚೀಲ ಹಾಕುವುದು ಹೇಗೆ ಎಂಬುದಾಗಿತ್ತು: ಹಿಮ್ಮಡಿಯಲ್ಲೂ ಬೆರಳ ಬಳಿಯೂ ಒಂದು ಸುಕ್ಕೂ ಉಳಿಯಬಾರದು, ಸುಕ್ಕಿದ್ದರೆ ಬೊಬ್ಬೆ, ಬೊಬ್ಬೆ ಎದ್ದರೆ ಅಭ್ಯಾಸ ತಪ್ಪುತ್ತದೆ. ಅವರ ಕೊನೆಯ ಋತುವಿನಲ್ಲಿ ಇಬ್ಬರು ಮನೋವಿಜ್ಞಾನಿಗಳು ಅಭ್ಯಾಸ ನೋಡುತ್ತಾ ಕೂತು ಅವರ ಒಂದೊಂದು ಮಾತು, ಸನ್ನೆಯನ್ನೂ ಗುರುತು ಹಾಕಿಕೊಂಡರು. ಒಟ್ಟು 2,326. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಮಾಹಿತಿ. ಹೊಗಳಿಕೆಯೂ ಬೈಗುಳವೂ ತೀರಾ ಕಡಿಮೆ. ತಿದ್ದುವ ರೀತಿಯೂ ಚುಟುಕು: ಸರಿಯಾದದ್ದನ್ನು ಮಾಡಿ ತೋರಿಸು, ಹುಡುಗ ಮಾಡಿದ್ದನ್ನು ತೋರಿಸು, ಮತ್ತೆ ಸರಿಯಾದದ್ದನ್ನು ತೋರಿಸು.

ನೀವೂ ಇದನ್ನು ಮಾಡಬಹುದು. ಸಹಾಯಕ ತರಬೇತುದಾರರ ಕೈಗೆ ಒಂದು ಹಾಳೆ ಕೊಟ್ಟು, ಒಂದು ಅಭ್ಯಾಸದಲ್ಲಿ ನೀವಾಡಿದ ಮಾತುಗಳನ್ನು ಮೂರು ಕಂಬಸಾಲುಗಳಲ್ಲಿ ಗುರುತಿಸಲು ಹೇಳಿ: ಕಲಿಸಿದ್ದು, ಮೆಚ್ಚಿದ್ದು, ಹೀಯಾಳಿಸಿದ್ದು. ಕೇಳುವವರಿಗೆ ಭಕ್ತಿವೃದ್ಧಿಯಾಗುವ ಮಾತನ್ನೇ ಆಡಿರಿ ಎಂಬ ಎಫೆಸದವರಿಗೆ 4:29 ಟೈಂ ಔಟಿಗೂ ಅನ್ವಯಿಸುತ್ತದೆ. “ನಿನಗೆ ತಲೆ ಇದೆಯಾ?” ಎಂಬುದರಿಂದ ಯಾರೂ ಏನನ್ನೂ ಕಲಿತಿಲ್ಲ. “ಎದುರಾಳಿ ನಿನ್ನ ದಾರಿಗೆ ಅಡ್ಡ ನಿಂತು ಸ್ಕ್ರೀನ್ ಹಾಕಿದಾಗ ಅವನ ಮುಂದಿನಿಂದ ಹೋಗು, ಹಿಂದಿನಿಂದ ಬೇಡ” ಎಂದರೆ ಮುಂದಿನ ಸಲವೇ ಬದಲಾವಣೆ ಕಾಣುತ್ತದೆ.

ಹೆಜ್ಜೆ 8: ತಂಡದ ಧ್ಯಾನ ಏಳೇ ನಿಮಿಷ, ಬಲವಂತವಿಲ್ಲ

ಅಭ್ಯಾಸದ ಕೊನೆಯಲ್ಲಿ ಮೈ ಸಡಿಲಿಸುವಾಗ ಧ್ಯಾನ ಇಟ್ಟುಕೊಳ್ಳಿ, ಏಳು ನಿಮಿಷ ಮೀರಬೇಡಿ. ಅಂದಿನ ಅಭ್ಯಾಸದಲ್ಲಿ ನಡೆದ ಒಂದು ಘಟನೆ, ಒಂದು ಸಣ್ಣ ವಾಕ್ಯಭಾಗ, ಒಂದು ಪ್ರಶ್ನೆ. ಪಾಸ್ ಕೊಡದೆ ಒಬ್ಬನೇ ಮೂವರ ನಡುವೆ ನುಗ್ಗಿದ ದಿನ 1 ಕೊರಿಂಥದವರಿಗೆ 12ರ ದೇಹ ಮತ್ತು ಅಂಗಗಳ ಭಾಗ ಓದಿ ‘ಇಂದು ಯಾರ ಕೆಲಸವನ್ನು ಯಾರೂ ಗಮನಿಸಲಿಲ್ಲ?’ ಎಂದು ಕೇಳಿ. ಹುಡುಗರು ಬಾಯಿಬಿಡುವವರೆಗೆ ಸುಮ್ಮನಿರುವ ಧೈರ್ಯ ಬೇಕು. ನುಗ್ಗಿದವನ ಹೆಸರನ್ನು ಮಾತ್ರ ಎತ್ತಬೇಡಿ.

ತಂಡದಲ್ಲಿ ಬೇರೆ ಧರ್ಮದವರು, ನಂಬಿಕೆ ಇಲ್ಲದವರು ಇರುತ್ತಾರೆ. ಧ್ಯಾನಕ್ಕೆ ಮುಂಚೆ ಅಭ್ಯಾಸ ಮುಗಿಯಿತೆಂದು ಸ್ಪಷ್ಟವಾಗಿ ಹೇಳಿ, ಹೋಗುವವರು ಹೋಗುವಂತಿರಲಿ. ಹೋದವನಿಗೆ ಮರುದಿನ ಆಡುವ ಸಮಯ ಒಂದು ನಿಮಿಷ ಕಡಿಮೆಯಾದರೂ, ಅಥವಾ ಕಡಿಮೆಯಾದೀತೆಂಬ ಭಯ ಹುಟ್ಟಿದರೂ, ನಿಮ್ಮ ಆಹ್ವಾನ ಒತ್ತಾಯವಾಯಿತು. ಸರ್ಕಾರಿ ಅಥವಾ ಇತರ ಶಾಲಾ ತಂಡವಾದರೆ ಸಂಸ್ಥೆಯ ನಿಯಮ ಏನೆಂದು ಮೊದಲೇ ವಿಚಾರಿಸಿ. ಯೇಸು ಯಾರ ಹಿಂದೆಯೂ ಓಡಿ ತೋಳು ಹಿಡಿದು ಎಳೆದದ್ದು ಸುವಾರ್ತೆಗಳಲ್ಲಿಲ್ಲ; ಬೇಸರಗೊಂಡು ಹೋದ ಐಶ್ವರ್ಯವಂತ ಯುವಕನನ್ನು ಹೋಗಲು ಬಿಟ್ಟನು.

ಒಂದು ಕಟ್ಟುನಿಟ್ಟಿನ ಮಾತು: ಮಕ್ಕಳೊಡನೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಪ್ರಾರ್ಥನೆ, ಆಪ್ತಸಲಹೆ ಬೇಡ. ಇತರರಿಗೆ ಕಾಣುವ ಜಾಗದಲ್ಲಿ, ಇನ್ನೊಬ್ಬ ಹಿರಿಯರ ಕಣ್ಣಳತೆಯಲ್ಲಿ ಮಾತನಾಡಿ. ಮೊಬೈಲ್ ಸಂದೇಶ ಕಳುಹಿಸುವಾಗ ಪೋಷಕರನ್ನೂ ಸೇರಿಸಿ. ಮಗುವೊಂದು ಹಿಂಸೆ ಅಥವಾ ದುರ್ಬಳಕೆಯ ಬಗ್ಗೆ ಹೇಳಿಕೊಂಡರೆ ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡಬೇಡಿ. ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಬೇಕು. ‘ಸಭೆಯ ಹೆಸರು ಕೆಡುತ್ತದೆ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಹೆಜ್ಜೆ 9: ಸೋತ ಮೇಲಿನ ಮೊದಲ ಎರಡು ನಿಮಿಷ

ಪಂದ್ಯದ ವಿಶ್ಲೇಷಣೆ ಮರುದಿನಕ್ಕಿರಲಿ. ಕೋಣೆಗೆ ಬಂದೊಡನೆ ನೀವು ಹೇಳಬೇಕಾದದ್ದು ಮೂರೇ: ಗಾಯವಾದವರು ಯಾರಾದರೂ ಇದ್ದಾರೆಯೇ; ಇಂದು ನಾನು ನೋಡಿದ ಒಂದು ಒಳ್ಳೆಯ ಕೆಲಸ ಇದು; ಮುಂದಿನ ಅಭ್ಯಾಸ ಇಂಥ ದಿನ, ಇಷ್ಟು ಗಂಟೆಗೆ. ಆ ಒಳ್ಳೆಯ ಕೆಲಸ ಅಂಕಕ್ಕೆ ಸಂಬಂಧಿಸಿರದಿದ್ದರೆ ಇನ್ನೂ ಒಳ್ಳೆಯದು. ಅಳುವವರೊಂದಿಗೆ ಅಳಿರಿ ಎಂಬ ರೋಮಾಪುರದವರಿಗೆ 12:15ರಲ್ಲಿ ‘ಆದರೆ ಮೊದಲು ಅವರ ತಪ್ಪು ತೋರಿಸಿರಿ’ ಎಂದಿಲ್ಲ. ‘ಎಲ್ಲಾ ದೇವರ ಚಿತ್ತ’ ಎಂದು ಹೇಳಿ ಮುಗಿಸುವ ಚಪಲವೂ ಬೇಡ. ಡಿಫೆನ್ಸಿಗೆ ಯಾರೂ ಹಿಂತಿರುಗಿ ಓಡದಿದ್ದದ್ದನ್ನು ದೇವರ ಚಿತ್ತದ ಲೆಕ್ಕಕ್ಕೆ ಬರೆಯಬಾರದು. ಅದನ್ನು ಮರುದಿನ ಓಡಿಸಿಯೇ ಸರಿಪಡಿಸಬೇಕು.

ಪೋಷಕರಿಗೂ ಋತುವಿನ ಆರಂಭದಲ್ಲೇ ಹೇಳಿಬಿಡಿ: ಪಂದ್ಯ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಆಟದ ಮಾತನ್ನು ಮಗುವೇ ಎತ್ತಲಿ.

ಹೆಜ್ಜೆ 10: ಋತು ಮುಗಿದಾಗ ಒಂದು ಪತ್ರ

ತಂಡದ ಪ್ರತಿಯೊಬ್ಬರಿಗೂ ಕೈಬರಹದಲ್ಲಿ ಅರ್ಧ ಪುಟದ ಪತ್ರ ಬರೆಯಿರಿ. ಹನ್ನೆರಡು ಮಂದಿಗೆ ಹನ್ನೆರಡು ಬೇರೆ ಬೇರೆ ಪತ್ರ. ಅಂಕಿಅಂಶ ಬೇಡ. ದಿನಾಂಕ ಹಾಕಿ, ನೀವು ಕಣ್ಣಾರೆ ಕಂಡ ಒಂದು ಕ್ಷಣವನ್ನು ಬರೆಯಿರಿ: “ಎರಡನೆಯ ಪಂದ್ಯದಲ್ಲಿ ಐದನೆಯ ಫೌಲ್ ಆಗಿ ಹೊರಬಂದಾಗ ನೀನು ಟವೆಲ್ಲನ್ನು ಬಿಸಾಡುತ್ತೀಯೆಂದುಕೊಂಡಿದ್ದೆ. ನೀನು ಅದನ್ನು ನಿನ್ನ ಬದಲು ಒಳಗೆ ಹೋಗುವವನ ಮುಖ ಒರೆಸಲು ಕೊಟ್ಟೆ.” ಕೆಳಗೆ ಮುಂದಿನ ವರ್ಷಕ್ಕೆ ತಿದ್ದಿಕೊಳ್ಳಬೇಕಾದ ಒಂದು ಆಟದ ವಿಷಯ, ನೀವು ಅವನಿಗಾಗಿ ಮಾಡುತ್ತಿರುವ ಒಂದು ಪ್ರಾರ್ಥನೆ. ಮುಂದಿನ ವರ್ಷ ತಂಡದಲ್ಲಿ ಜಾಗ ಸಿಗಲಾರದವರ ಪತ್ರಗಳನ್ನು ಮೊದಲು ಬರೆಯಿರಿ. ಕೊನೆಗೆ ಉಳಿಸಿಕೊಂಡರೆ ಕೈ ಸೋತಿರುತ್ತದೆ, ಮಾತು ಒಣಗಿರುತ್ತದೆ. ಪತ್ರವನ್ನು ಪೋಷಕರೂ ಓದಬಹುದಾದಂತೆ ತೆರೆದ ಲಕೋಟೆಯಲ್ಲಿ ಕೊಡಿ.